ಎರೆ ಹೊಲದ ಬೇಲಿಗಂಬ

ಕುಕನೂರು ಸೀಮೆಯ ಎರೆ ಹೊಲದಲ್ಲಿ ಬೇಲಿಗಂಬ ವಾಲಿದರೆ ನಾವು ಗಾಳಿಯನ್ನೋ ದನವನ್ನೋ ಬೈಯುತ್ತೇವೆ. ತಪ್ಪು ಹೆಚ್ಚಾಗಿ ತಗ್ಗಿನೊಳಗಿರುತ್ತದೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಪ್ರತಿ ವರ್ಷವೂ ಕಂಬವನ್ನು ಹಿಡಿದು ಬಿಡುವ ಮಣ್ಣಿದು. ಆದ್ದರಿಂದ ಅಗೆದ ಎರೆಯನ್ನೇ ಮರಳಿ ತುಂಬಬೇಡಿ, ಗರಸು ತುಂಬಿ. ಅದು ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅರ್ಧ ಅಡಿಗೊಮ್ಮೆ ಹಾರೆಯ ಹಿಂಬದಿಯಿಂದ ಬಡಿಯುತ್ತ ಬನ್ನಿ. ಒಮ್ಮೆಲೇ ತುಂಬಿ ಮೇಲಷ್ಟೇ ತುಳಿದರೆ ಅಡಿಭಾಗ ಪೊಳ್ಳಾಗಿಯೇ ಉಳಿಯುತ್ತದೆ. ಕಂಬದ ಮೂರನೆಯ ಒಂದು ಪಾಲು ನೆಲದೊಳಗಿರಲಿ: 7 ಅಡಿಯ ಕಲ್ಲುಕಂಬಕ್ಕೆ ಸುಮಾರು ಎರಡೂಕಾಲು ಅಡಿ. ಮಸಾರಿ ನೆಲದವರಿಗೆ ಇಷ್ಟು ತಾಪತ್ರಯವಿಲ್ಲ, ಅವರ ಪುಣ್ಯ.

ಸಿಮೆಂಟ್ ಕಾಂಕ್ರೀಟ್ ಸುರಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. ತಗ್ಗು ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಉಬ್ಬುವ ಎರೆ ಆ ಕಾಂಕ್ರೀಟಿನ ಮುದ್ದೆಯನ್ನೇ ಮೇಲಕ್ಕೆ ನೂಕುತ್ತದೆ. ಬುಡ ಅಗಲವಾಗಿರಬೇಕು, ಮೇಲ್ಮೈ ನೀರು ಹರಿದುಹೋಗುವಂತೆ ಇಳಿಜಾರಾಗಿರಬೇಕು. ಖರ್ಚಿನ ಮಾತು ಬಂದರೆ, ಎಲ್ಲ ಕಂಬಕ್ಕೂ ಕಾಂಕ್ರೀಟ್ ಬೇಕಿಲ್ಲ. ತಂತಿಯ ಎಳೆತವೆಲ್ಲ ಬೀಳುವುದು ಮೂಲೆಗಂಬ, ಗೇಟಿನ ಕಂಬಗಳ ಮೇಲೆ. ಅವನ್ನು 3 ಅಡಿ ಹೂತು, ತಂತಿ ಎಳೆಯುವ ಬದಿಯಲ್ಲಿ ಓರೆಯಾಗಿ ಆಸರೆಗಂಬ ಕೊಡಿ. ಮಳೆಗಾಲದಲ್ಲಿ ಅಗೆಯುವುದು ಸುಲಭವೆಂಬ ವಾದವೂ ಉಂಟು. ಆದರೆ ಕೆಸರಿನಲ್ಲಿ ನೆಟ್ಟದ್ದರ ಸುತ್ತ ಬೇಸಿಗೆಗೆ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಮಳೆ ನಿಂತು, ಮಣ್ಣು ಕೈಗೆ ಅಂಟದಷ್ಟು ಆರಿದಾಗ ನೆಡಿ.