ಸೋರುವ ನೀರಿಗೇಕೆ ಹಣ?

ಬೆಂಗಳೂರಿನ ಗೃಹಸ್ಥರೇ, 2014ರಿಂದ ಹನ್ನೊಂದು ವರ್ಷಗಳ ಪರ್ಯಂತ ಸ್ಥಿರವಾಗಿದ್ದ ಕಾವೇರಿ ನೀರಿನ ದರವು 2025ರ ಏಪ್ರಿಲ್ ಮಾಸದಲ್ಲಿ ಏರಿ, ಅದೇ ಸಮಯಕ್ಕೆ ಕಸದ ಶುಲ್ಕವೂ ಆಸ್ತಿ ತೆರಿಗೆಯೊಡನೆ ಬಂದು ಸೇರಿದ್ದರಿಂದ, ವರಮಾನವನ್ನು ಅಳೆದು ತೂಗಿ ವೆಚ್ಚ ಮಾಡುವ ಸಂಸಾರಗಳು ಕಂಗೆಟ್ಟಿರುವುದು ಸಹಜವೇ ಸರಿ. ದೂರದ ನದಿಯಿಂದ ಪಂಪುಗಳ ಬಲದಿಂದ ಇಷ್ಟೆತ್ತರಕ್ಕೇರಿ ಬರುವ ನೀರಿಗೆ ವಿದ್ಯುತ್ತಿನ ವೆಚ್ಚ ಅಪಾರವೆಂಬುದನ್ನು ಬಲ್ಲವರು ದರವೃದ್ಧಿಯನ್ನು ಸರ್ವಥಾ ಅನ್ಯಾಯವೆನ್ನಲಾರರು. ಆದರೆ ವ್ಯರ್ಥವಾಗಿ ಸೋರಿಹೋದ ನೀರಿಗೂ ಹಣ ತೆರುವುದನ್ನು ಮಾತ್ರ ನಾನು ಒಪ್ಪಲಾರೆ.

ಆದುದರಿಂದ, ರಾತ್ರಿ ಮಲಗುವ ಮುನ್ನ ನಲ್ಲಿಗಳನ್ನೆಲ್ಲ ಬಿಗಿಯಾಗಿ ನಿಲ್ಲಿಸಿ, ಮಾಳಿಗೆಯ ಟ್ಯಾಂಕಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆಯೊಂದನ್ನೆಳೆದು, ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲೇ ಅದನ್ನು ಪರೀಕ್ಷಿಸಿರಿ. ಮಟ್ಟ ಇಳಿದಿದ್ದರೆ, ಶೌಚಾಲಯದ ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟು ಕಾಯಿರಿ; ಫ್ಲಶ್ ಮಾಡದೆಯೇ ಕೆಳಗಿನ ಬೇಸಿನ್ನಿನಲ್ಲಿ ನೀಲಿ ಕಾಣಿಸಿಕೊಂಡರೆ ಸೋರಿಕೆ ಅಲ್ಲಿಯೇ ಇದೆ, ಬಹುಮಟ್ಟಿಗೆ ಸವೆದುಹೋದ ಒಂದು ರಬ್ಬರಿನ ವಾಷರೇ ಅದಕ್ಕೆ ಕಾರಣ. ತಿಂಗಳಿಗೆ 8,000 ಲೀಟರು ಮೀರಿದ ನೀರಿಗೆ ಹೆಚ್ಚಿನ ದರ ತಗಲುವುದರಿಂದ, ಈ ಅಲ್ಪ ದುರಸ್ತಿ ನಿಷ್ಫಲವಾಗದು.

ನೀರಿನ ಹೊರತಾಗಿಯೂ ಉಳಿತಾಯದ ದಾರಿಗಳಿವೆ: ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಿನಲ್ಲಿಯೇ ಪೂರ್ಣವಾಗಿ ಸಲ್ಲಿಸಿದವರಿಗೆ ನೂರಕ್ಕೆ 5ರ ರಿಯಾಯಿತಿಯುಂಟು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು, ಬಳಕೆ 200 ಯೂನಿಟ್ ದಾಟಿದರೆ ಬಿಲ್ಲು ಸಂಪೂರ್ಣವಾಗಿ ತಮ್ಮ ಮೇಲೆಯೇ ಬೀಳುವುದೆಂಬುದನ್ನರಿತು, ತಿಂಗಳ ನಡುವೆ ಒಮ್ಮೆಯಾದರೂ ಮೀಟರನ್ನು ಓದಿಕೊಳ್ಳಲಿ; ಬಾಡಿಗೆಮನೆ ಬದಲಿಸುವವರು ಹಳೆಯ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಯಿಂದ ತಮ್ಮ ಆಧಾರ್ ಜೋಡಣೆಯನ್ನು ತಪ್ಪದೆ ಬಿಡಿಸಿಕೊಳ್ಳಲಿ.