ಬರಿ ನೆಲಕ್ಕೆ ಹಸಿರು ಹೊದಿಕೆ: ನಮ್ಮ ಹೊಲಕ್ಕೆ ಯಾವ ಬೆಳೆ?



ಸವದತ್ತಿ, ರಾಮದುರ್ಗದ ಕಡೆ ಹಿಂಗಾರಿ ಜೋಳ, ಕಡಲೆಗೆಂದು ಎಷ್ಟೋ ಎರಿ ಹೊಲಗಳನ್ನು ಮುಂಗಾರಿಯಲ್ಲಿ ಖಾಲಿ ಬಿಡುತ್ತಾರೆ. ಜೋರು ಮಳೆ ಬೀಳುವುದೂ ಆಗಲೇ. ಬರಿ ನೆಲಕ್ಕೆ ಹನಿ ಬಡಿದು ಮೇಲ್ಮಣ್ಣು ಹಳ್ಳ ಸೇರುತ್ತದೆ. ಬೈಲಹೊಂಗಲ, ಕಿತ್ತೂರು ಭಾಗದಿಂದ ಕೊಚ್ಚಿಹೋದ ಮಣ್ಣು ಮಲಪ್ರಭೆಯಲ್ಲಿ ಹರಿದು ನವಿಲುತೀರ್ಥ ಆಣೆಕಟ್ಟಿನ ಹಿಂದೆ ಹೂಳಾಗಿ ಕೂರುತ್ತದೆ. ಸಾಲ ಮಾಡಿ ಹಾಕಿದ ಗೊಬ್ಬರವೂ ಅದರ ಜೊತೆಗೇ ಹೋಗುತ್ತದೆ.

ಇದನ್ನು ತಡೆಯುವ ಸುಲಭ ದಾರಿ ಹೊದಿಕೆ ಬೆಳೆ. "ಕಾಳು ಕೈಗೆ ಬರಲಾರದ ಬೆಳಿಗೆ ರೊಕ್ಕ ಯಾಕ ಹಾಕಬೇಕ್ರಿ ಸಿಸ್ಟರ್?" ಎಂದು ನೀವು ಸಭೆಯಲ್ಲಿ ಕೇಳುತ್ತೀರಿ. ಕೇಳಲೇಬೇಕಾದ ಮಾತು. ಆಯ್ಕೆ ತಪ್ಪಿದರೆ ರೊಕ್ಕವೂ ಹೋಯಿತು, ಹಿಂಗಾರಿಗೆ ಬೇಕಾದ ಹಸಿಯೂ ಹೋಯಿತು. ಅದಕ್ಕೆ ಮೊದಲು ಮೂರು ವಿಷಯ ವಿಚಾರ ಮಾಡಿ: ಹೊಲ ಎಂಥದ್ದು? ನೀರು ಎಷ್ಟು? ಮುಂದೆ ಬಿತ್ತುವುದು ಏನು?

1. ಮಳೆ ನಂಬಿದ ಎರಿ ಹೊಲ: ಹೆಸರು ಒಳ್ಳೆಯದು. ಜೂನ್ ಮಳೆಗೆ ಬಿತ್ತಿದರೆ 60–70 ದಿನದಲ್ಲಿ ಕಾಯಿ ಬಿಡಿಸಬಹುದು. ಗಿಡ ಕಿತ್ತು ಹೊರಗೆ ಒಗೆಯಬೇಡಿ, ಮಣ್ಣಿಗೆ ಸೇರಿಸಿ. ಮನೆಗೆ ಬೇಳೆ, ಹೊಲಕ್ಕೆ ಗೊಬ್ಬರ, ಹಿಂಗಾರಿ ಜೋಳಕ್ಕೆ ಜಾಗ, ಮೂರೂ ಆಯಿತು.

2. ಮಸಾರಿ, ಕಲ್ಲು ಹೊಲ: ಹುರುಳಿ ಅಥವಾ ಮಡಕಿ. ಕಡಿಮೆ ಮಳೆ ತಾಳುತ್ತವೆ, ಹಬ್ಬಿ ನೆಲ ಮುಚ್ಚುತ್ತವೆ. ಹೊಟ್ಟು ದನಗಳಿಗಾಗುತ್ತದೆ.

3. ಕಬ್ಬಿನ ಹೊಲ: ನಾಟಿ ಮಾಡಿದ ಹೊಸದರಲ್ಲಿ ಸಾಲುಗಳ ನಡುವೆ ಸೆಣಬು ಅಥವಾ ಅಲಸಂದಿ ಬಿತ್ತಿ, 45 ದಿನದ ಸುಮಾರಿಗೆ ಮಣ್ಣಿಗೆ ಸೇರಿಸಿ. ಕಬ್ಬು ಕಡಿದ ಮೇಲೆ ರವದಿ ಸುಡಬೇಡಿ. ಅದೂ ಒಂದು ಹೊದಿಕೆಯೇ.

4. ಬತ್ತದ ಹೊಲ: ಕಿತ್ತೂರಿನ ಕಡೆ ಬತ್ತ ಕೊಯ್ದ ಕೂಡಲೇ ಉಳಿದ ಹಸಿಯಲ್ಲಿ ಹುರುಳಿ ಅಥವಾ ಅಲಸಂದಿ ಬಿತ್ತಿ. ತಡ ಮಾಡಿದರೆ ಹಸಿ ಆರುತ್ತದೆ.

5. ಕಾಲುವೆ ನೀರಿನಿಂದ ಸವಳು-ಜವಳಾದ ಹೊಲ: ಡಯಾಂಚ ಹಾಕಿ. ಅದು ನೀರು ನಿಂತರೂ ಉಪ್ಪಿದ್ದರೂ ತಾಳುತ್ತದೆ. ಸೆಣಬು ನಿಂತ ನೀರಿನಲ್ಲಿ ಬರುವುದಿಲ್ಲ. ನೀರು ಬಸಿದು ಹೋಗಲು ಬಸಿಗಾಲುವೆಯೂ ಬೇಕು.

ಸೆಣಬು, ಡಯಾಂಚಕ್ಕೆ ಸಮಯವೇ ಮುಖ್ಯ. ಹೂ ಬಿಡುವಾಗ, ಅಂದರೆ ಸುಮಾರು 45–50 ದಿನಕ್ಕೆ ಮಣ್ಣಿಗೆ ಸೇರಿಸಬೇಕು. ಬಿಟ್ಟರೆ ಕಾಂಡ ನಾರಾಗಿ ಬೇಗ ಕೊಳೆಯುವುದಿಲ್ಲ. ಮಳೆ ಕಡಿಮೆ ಇರುವಲ್ಲಿ ನಿಂತ ಗಿಡ ಜೋಳದ ಪಾಲಿನ ನೀರನ್ನೂ ಕುಡಿದುಬಿಡುತ್ತದೆ. ಮಳೆ ಬೇಗ ನಿಂತರೆ ಹೂವಿಗೆ ಕಾಯದೆ ಮೊದಲೇ ಮಣ್ಣಿಗೆ ಸೇರಿಸಿ. ಆಮೇಲೆ ಎರಡು-ಮೂರು ವಾರ ಬಿಟ್ಟು ಮುಂದಿನ ಬಿತ್ತನೆ ಮಾಡಿ.

ಲಾಭ ಕಣ್ಣಿಂದ ನೋಡಬೇಕೆ? ಒಂದು ತಿಂಗಳ ಹೆಸರು ಗಿಡವನ್ನು ಬೇರು ಹರಿಯದಂತೆ ಅಗೆದು ತೆಗೆಯಿರಿ. ಬೇರಿನ ಗಂಟು ಒಡೆದಾಗ ಒಳಗೆ ಕೆಂಪಗಿದ್ದರೆ ಅದು ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂದು ತಿಳಿಯಿರಿ. ಅಷ್ಟು ಯೂರಿಯಾ ಖರ್ಚು ಉಳಿಯುತ್ತದೆ.

ಮೊದಲ ವರ್ಷವೇ ಇಡೀ ಹೊಲಕ್ಕೆ ಹಾಕಬೇಡಿ. ಹತ್ತು ಗುಂಟೆಯಲ್ಲಿ ಮಾಡಿ, ಪಕ್ಕದ ಬರಿ ನೆಲದ ಜೋಳಕ್ಕೆ ಹೋಲಿಸಿ ನೋಡಿ. ಮನೆಯ ಯಜಮಾನರಿಗೂ ತೋರಿಸಿ. ಬೀಜಕ್ಕೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ, ಸಲಹೆಗೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಸಂಘದಲ್ಲಿ ಚರ್ಚಿಸಿ:
* ನಮ್ಮೂರಲ್ಲಿ ಮಳೆಗಾಲದಲ್ಲಿ ಯಾರ ಯಾರ ಹೊಲ ಖಾಲಿ ಇರುತ್ತದೆ?
* ಬೀಜವನ್ನು ಸಂಘದಿಂದ ಒಟ್ಟಿಗೆ ಕೊಂಡರೆ ಎಷ್ಟು ಉಳಿಯುತ್ತದೆ?
* ಮುಂದಿನ ವರ್ಷದ ಬೀಜ ಯಾರ ಹೊಲದಲ್ಲಿ ಬೆಳೆಯೋಣ?