ಮಣ್ಣಿನ ಬಣ್ಣ ನೋಡಿ, ನೆಲದ ಏರಿಳಿತ ನೋಡಿ



ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮತಿಯಲ್ಲಿ (ಮತ್ತಾಯ 13) ಬೀಜ ಒಂದೇ, ಬಿದ್ದ ನೆಲ ಬೇರೆ ಬೇರೆ. ನಮ್ಮ ಅಂಚೆಟ್ಟಿ ಸೀಮೆಯ ಹೊಲಗಳೂ ಹಾಗೆಯೇ. ಬೆಟ್ಟದ ಸೀಮೆಯಾದ್ದರಿಂದ ಎರಡೇ ಎಕರೆಯಲ್ಲಿ ಮೂರು ಬಗೆಯ ಮಣ್ಣು ಇರಬಹುದು. ಇದನ್ನು ಅರಿಯದೆ ಎಲ್ಲೆಡೆ ಒಂದೇ ಬೀಜ, ಒಂದೇ ಗೊಬ್ಬರ ಹಾಕಿದರೆ ಸಾಲ ಮಾಡಿ ತಂದ ಹಣ ಮಣ್ಣುಪಾಲಾಗುತ್ತದೆ. ಆದ್ದರಿಂದ ಬಿತ್ತನೆಗೆ ಮುಂಚೆ ಹೊಲವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನಡೆದು ನೋಡೋಣ.

1. ದಿಣ್ಣೆ: ಮಳೆನೀರು ನಯವಾದ ಮಣ್ಣನ್ನು ಕೆಳಗೆ ಒಯ್ದು ಗರಸನ್ನು ಉಳಿಸುತ್ತದೆ. ಮಣ್ಣಿನ ಆಳ ಕಡಿಮೆ, ತೇವ ಬೇಗ ಆರುತ್ತದೆ. ಇಲ್ಲಿ ಹುರುಳಿ, ಸಾಮೆ ವಾಸಿ.

2. ಇಳಿಜಾರು: ಇಲ್ಲಿ ಹೆಚ್ಚಾಗಿ ಕೆಮ್ಮಣ್ಣು. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗಾಳಿ ತಾಗಿ ತುಕ್ಕು ಹಿಡಿಯುವುದರಿಂದ ಈ ಬಣ್ಣ. ನೀರು ಚೆನ್ನಾಗಿ ಬಸಿಯುತ್ತದೆ ಎಂಬುದಕ್ಕೆ ಇದೇ ಗುರುತು. ರಾಗಿ, ಅವರೆ, ಕಡಲೆಕಾಯಿಗೆ ಒಳ್ಳೆಯದು. ಇಳಿಜಾರಿಗೆ ಅಡ್ಡಲಾಗಿ ಉಳಬೇಕು, ಬದು ಹಾಕಬೇಕು. ಕೆಂಪು ಹಳದಿಗೆ ತಿರುಗಿದ ಕಡೆ ತೇವ ಹೆಚ್ಚು ದಿನ ಇರುತ್ತದೆ.

3. ತಗ್ಗು: ಮೇಲಿನಿಂದ ಕೊಚ್ಚಿ ಬಂದ ನಯವಾದ ಮಣ್ಣು ಇಲ್ಲಿ ಸೇರುತ್ತದೆ, ಬಣ್ಣ ಕಂದು ಅಥವಾ ಕಪ್ಪು. ನೀರಿದ್ದರೆ ಭತ್ತ ಬೆಳೆಯಬಹುದು. ಅಗೆದಾಗ ಬೂದು ಬಣ್ಣದ ನಡುವೆ ತುಕ್ಕಿನ ಚುಕ್ಕೆಗಳು ಕಂಡರೆ, ಅಲ್ಲಿ ನೀರು ನಿಂತು ಬೇರಿಗೆ ಗಾಳಿ ಸಿಗುತ್ತಿಲ್ಲ, ಬಸಿಗಾಲುವೆ ತೆಗೆಯಬೇಕು. ಬೇಸಿಗೆಯಲ್ಲಿ ಬಿಳಿ ಪೊರೆ ಕಟ್ಟಿದರೆ ಚೌಳಿನ ಸೂಚನೆ.

ಒದ್ದೆ ಮಣ್ಣು ಯಾವಾಗಲೂ ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಒಣ ಮಣ್ಣನ್ನು ಒಣ ಮಣ್ಣಿನೊಂದಿಗೇ ಹೋಲಿಸಬೇಕು. ಕೈಯಿಂದಲೂ ಪರೀಕ್ಷಿಸಿರಿ. ಹಿಡಿ ಮಣ್ಣನ್ನು ನೀರು ಹಾಕಿ ಕಲಸಿ ಹೊಸೆಯಿರಿ. ಉಂಡೆಯೂ ಆಗದಿದ್ದರೆ ಮರಳು. ಬತ್ತಿಯಾಗಿ ಬಗ್ಗಿಸಿದಾಗ ಮುರಿದರೆ ಗೋಡು. ಬಿರಿಯದೆ ಬಳೆಯಂತೆ ಬಗ್ಗಿದರೆ ಜೇಡಿ.

ಆದರೆ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿದೆಯೆಂದು ಬಣ್ಣ ಹೇಳದು. ಅದಕ್ಕೆ ಮಣ್ಣು ಪರೀಕ್ಷೆಯೇ ಬೇಕು. ಮೂರು ಭಾಗಗಳ ಮಣ್ಣನ್ನು ಒಂದಕ್ಕೊಂದು ಬೆರೆಸಬೇಡಿರಿ. ಒಂದೊಂದು ಭಾಗದಲ್ಲೂ ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು, ಕಲಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಕಟ್ಟಿ ಗುರುತು ಬರೆಯಿರಿ. ತಿಪ್ಪೆ, ಬದು, ಮರದ ಬುಡದ ಮಣ್ಣು ಬೇಡ. ಕೃಷಿ ಇಲಾಖೆಯವರಿಗೆ ಕೊಟ್ಟು, 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡನ್ನು ಕೇಳಿ ಪಡೆಯಿರಿ.

ದೇವರು ನಮಗೊಪ್ಪಿಸಿದ ನೆಲವನ್ನು ಅರಿತು ಬಿತ್ತೋಣ. ಮಕ್ಕಳಿಗೂ ಹೊಲ ತೋರಿಸಿ ಇದನ್ನು ಕಲಿಸೋಣ.